ಮೂರು ಸಲ ಬೈದ ಓದುಗ

ಕ್ಷಮೆ ಕೇಳಲ್ಲ ಅಂದ್ರೆ ಕೇಳಲ್ಲ, ಫೋನಕ್ಕ. ಮುಗೀತು. ಇನ್ನೊಂದು ಸಲ ಆ ಮಾತು ಎತ್ತಬೇಡಿ… ಹೌದು, ಎತ್ತಿದ್ದು ನಾನೇ. ನೀವು ಇನ್ನೂ ಬಾಯೇ ಬಿಟ್ಟಿಲ್ಲ, ಒಪ್ಕೋತೀನಿ. ಆದರೂ ಎತ್ತಬೇಡಿ!

ಸ್ವಲ್ಪ ಆ ಚೀಲ ತೆಗೀರಿ, ಕೂತ್ಕೋತೀನಿ. ನಿಂತ್ಕೊಂಡು ಸಿಟ್ಟು ಮಾಡೋ ವಯಸ್ಸು ದಾಟಿದೆ ನಂದು. ಈ ಫೋನಿನ ರೂಮಿಗೆ ಒಂದು ನೆಟ್ಟಗಿನ ಕುರ್ಚಿ ಹಾಕ್ಸಿ ಅಂತ ಎಷ್ಟು ವರ್ಷದಿಂದ ಹೇಳ್ತಿದೀನಿ. ಊರಿನ ಮಾತೆಲ್ಲ ಬಂದು ಬೀಳೋ ಜಾಗ ಇದು, ಮನುಷ್ಯ ಬಂದ್ರೆ ಕಾಲು ಅಲ್ಲಾಡೋ ಸ್ಟೂಲು! ಇರಲಿ. ಬಾಗಿಲು ಮುಚ್ಚಲಾ? ಬೇಡ್ವಾ? ಗಾಜಿನ ಬಾಗಿಲು, ಮುಚ್ಚಿದ್ರೇನು ತೆಗೆದ್ರೇನು… ಅದೂ ಸರಿ. ಎದುರಿಗೇ ಸಂಪಾದಕರ ಕೋಣೆ. ನೋಡ್ಲಿ ಬಿಡಿ, ನೋಡ್ಲಿ. ನಾನೇನು ಕದ್ದು ಬಂದಿಲ್ಲ.

ವಿನಯ ಅಂದ್ರು, ಗೊತ್ತಾ! ನನಗೆ! ಆ ಮನುಷ್ಯ ಸಂಪಾದಕರಾಗಿ ಬಂದು ಇನ್ನೂ ಕುರ್ಚಿ ಬಿಸಿಯಾಗಿಲ್ಲ, ನನ್ನನ್ನ ಎದುರಿಗೆ ಕೂರಿಸ್ಕೊಂಡು, ಎರಡೂ ಕೈ ಮೇಜಿನ ಮೇಲೆ ಹೀಗೆ ಜೋಡಿಸ್ಕೊಂಡು… ಹೀಗೆ, ಬೆರಳಿನೊಳಗೆ ಬೆರಳು ಹಾಕಿ… ‘ಕಲಾವಿದರಿಗೆ ವಿನಯವೇ ಭೂಷಣ’ ಅಂದ್ರು. ನಾಳೆ ನನ್ನ ಚಿತ್ರದ ಕೆಳಗೆ ಎರಡು ಸಾಲು ಹಾಕ್ತಾರಂತೆ. ‘ಯಾರ ಮನಸ್ಸಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇವೆ.’ ವಿಷಾದಿಸುತ್ತೇವೆ! ಆ ‘ಏವೆ’ ಯಾರು? ಅವರು ವಿಷಾದಿಸಲ್ಲ, ನಾನು ವಿಷಾದಿಸಲ್ಲ. ಅಚ್ಚಿನ ಯಂತ್ರ ವಿಷಾದಿಸುತ್ತಾ?

ಯಾಕೆ ನಗ್ತೀರಿ?

ಇಲ್ಲ, ನಗಿ, ನಗಿ. ಈ ಕಟ್ಟಡದಲ್ಲಿ ಯಾರಾದ್ರೂ ನಕ್ಕಿದ್ದು ನೋಡಿ ಎಷ್ಟು ದಿನ ಆಯ್ತೋ.

ಸಂಗತಿ ಏನಂದ್ರೆ… ಬಿಡಿಸಿ ಹೇಳ್ತೀನಿ, ಇಲ್ಲಾಂದ್ರೆ ಮುದುಕ ಮೊಂಡಾಟ ಮಾಡ್ತಿದಾನೆ ಅಂತ ತಿಳ್ಕೋತೀರಿ. ನಿಮಗೆ ಅರ್ಧ ಗೊತ್ತು. ಆದರೆ ಅರ್ಧ ಗೊತ್ತಿರೋದು ಪೂರ್ತಿ ಗೊತ್ತಿಲ್ಲದೇ ಇರೋದಕ್ಕಿಂತ ಕೆಟ್ಟದ್ದು. ಅದಕ್ಕೆ ಮೊದಲಿಂದ ಹೇಳ್ತೀನಿ. ಈಗ ಮೀಟಿಂಗಿಗೆ ಮುಂಚೆ ಸಂಪಾದಕರು ನಿಮ್ಮನ್ನ ಕರೀತಾರೆ. ಕರೀತಾರೆ ತಾನೆ? ‘ಇವತ್ತು ಓದುಗರು ಯಾರ್ಯಾರು ಫೋನ್ ಮಾಡಿದ್ರು, ಏನಂದ್ರು’ ಅಂತ ದಿನಾ ಕೇಳ್ತಾರಲ್ಲ, ಹಾಗೆ. ಇವತ್ತು ನನ್ನ ವಿಷಯ ಕೇಳ್ತಾರೆ. ನೀವು ಏನು ಹೇಳ್ತೀರೋ ಅದರ ಮೇಲೆ ನಿಂತಿದೆ. ಪತ್ರಿಕೇಲಿ ನನ್ನ ವ್ಯಂಗ್ಯಚಿತ್ರದ ಚೌಕ ಇರುತ್ತೋ ಹೋಗುತ್ತೋ, ಇದ್ರೂ ತಲೆ ಎತ್ತಿ ಇರುತ್ತೋ ಬಗ್ಗಿಸಿ ಇರುತ್ತೋ, ಎಲ್ಲಾ ನಿಮ್ಮ ಬಾಯಲ್ಲಿದೆ. ಅದಕ್ಕೇ ಬಂದಿದ್ದು. ನೇರವಾಗಿ ಹೇಳಿಬಿಟ್ಟೆ ನೋಡಿ, ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ.

ಎತ್ತಿ, ಎತ್ತಿ, ಫೋನ್ ಎತ್ತಿ. ನಾನು ಕಾಯ್ತೀನಿ.

…ಜಾಹೀರಾತಿನವರಾ? ಹ್ಞೂಂ. ಅವರಿಗೆ ಬೇಗ ಕೊಟ್ಟುಬಿಡ್ತೀರಿ ಲೈನು.

ಎಲ್ಲಿದ್ದೆ? ಹಾಂ. ಮಗಳಿಗೆ ಹೆರಿಗೆ ಆಯ್ತಲ್ಲ, ನೋಡ್ಕೊಂಡು ಬರೋಕೆ ಅಂತ ನಾಲ್ಕು ದಿನ ಹೋಗಿದ್ದೆ. ಮೊದಲೇ ಚಿತ್ರ ಬರೆದಿಟ್ಟು ಹೋಗಬಹುದಿತ್ತು, ಹಾಗೆ ಮಾಡೋರಿದಾರೆ. ನಾನು ಮಾಡಲ್ಲ. ಬೆಳಿಗ್ಗೆ ಸುದ್ದಿ ಓದಿ ಮಧ್ಯಾಹ್ನ ಬರೆದು ಸಂಜೆಗೆ ಕೊಡಬೇಕು, ಇಲ್ಲಾಂದ್ರೆ ಅದು ವ್ಯಂಗ್ಯಚಿತ್ರ ಅಲ್ಲ, ಗೋಡೆಗೆ ಹಾಕೋ ಪಟ. ಸರಿ, ಹೋದೆ. ನನ್ನ ಜಾಗ ಖಾಲಿ ಬಿಡೋಕಾಗುತ್ತಾ? ಏನು ಹಾಕಿದ್ರು ಹೇಳಿ? ಹವಾಮಾನ! ಒಂದು ಮೋಡ, ಒಂದು ಸೂರ್ಯ. ಅದೂ ಎಂಥ ಸೂರ್ಯ, ಕಣ್ಣು ಬಾಯಿ ಇಟ್ಕೊಂಡು ಮುಗುಳ್ನಗೋ ಸೂರ್ಯ. ನಾನು ಆಸ್ಪತ್ರೆ ಬೆಂಚಿನ ಮೇಲೆ ಕೂತು ಪತ್ರಿಕೆ ಬಿಡಿಸಿದ್ರೆ, ಈ ಸೂರ್ಯ ನನ್ನ ಜಾಗದಲ್ಲಿ ಕೂತು ನನ್ನನ್ನೇ ನೋಡಿ ನಗ್ತಿದಾನೆ! ಮೊಮ್ಮಗು ನೋಡಿ ಸಂತೋಷಪಡೋ ಹೊತ್ತಲ್ಲಿ ಆ ಸೂರ್ಯನ ಮೂತಿ ನೋಡಿ ಹೊಟ್ಟೆ ಉರ್ಕೊಂಡೆ.

ವಾಪಸ್ ಬಂದೆ. ಸಂಪಾದಕರು ಕರೆದ್ರು. ಮೊಮ್ಮಗು ಹೇಗಿದೆ ಅಂತ ಕೇಳಿದ್ರು, ಅದು ಮರ್ಯಾದೆ. ಆಮೇಲೆ ಹೇಳಿದ್ರು, ‘ನಾಲ್ಕು ದಿನ ನಿಮ್ಮ ಚಿತ್ರ ಇರಲಿಲ್ಲ, ಒಬ್ಬ ಓದುಗರೂ ಕೇಳಲಿಲ್ಲ.’ ಅಷ್ಟೇ. ಬೈಯಲಿಲ್ಲ, ಜಗಳ ಆಡಲಿಲ್ಲ. ಆ ಸೂರ್ಯನ ಹಾಗೇ ಮುಗುಳ್ನಕ್ಕು ಹೇಳಿದ್ರು. ನಿಮ್ಮನ್ನೂ ಕರೆದು ಕೇಳಿದ್ರಂತೆ, ‘ಯಾರಾದ್ರೂ ಫೋನ್ ಮಾಡಿದ್ರಾ?’ ಅಂತ. ನೀವು ಇಲ್ಲ ಅಂದ್ರಂತೆ.

ಅಯ್ಯೋ, ತಪ್ಪು ಅಂತ ಹೇಳ್ತಿಲ್ಲ! ಮುಖ ಯಾಕೆ ಹಾಗೆ ಮಾಡ್ಕೋತೀರಿ? ಬಂದಿಲ್ಲ ಅಂದ್ಮೇಲೆ ಬಂದಿಲ್ಲ ಅಂತ ತಾನೆ ಹೇಳ್ಬೇಕು. ನಿಜಾನೇ ಹೇಳಿದ್ರಿ.

ಆದರೆ ಯಾರೂ ಫೋನ್ ಮಾಡಲಿಲ್ಲ ಅಂದ್ರೆ ಯಾರೂ ನೋಡಲ್ಲ ಅಂತ ಅರ್ಥಾನಾ? ಹೇಳಿ! ನಿಮ್ಮನೆ ಗೋಡೆ ಮೇಲೆ ದೀಪದ ಸ್ವಿಚ್ಚು ಇದೆ. ಇದೆ ಅಂತ ನೀವು ವಿದ್ಯುತ್ ಕಚೇರಿಗೆ ಫೋನ್ ಮಾಡಿ ಹೇಳ್ತೀರಾ? ಇಲ್ಲ. ಹಾಗೆ. ಅಭ್ಯಾಸ ಆಗಿರೋದನ್ನ ಯಾರೂ… ಏನು? ದೀಪ ಹೋದಾಗ ಫೋನ್ ಮಾಡ್ತಾರೆ ಅಂತೀರಾ? ಹ್ಮ್. ನೀವು ಬಾಯಲ್ಲಿ ಹೇಳಲಿಲ್ಲ, ಹುಬ್ಬಲ್ಲಿ ಹೇಳಿದ್ರಿ. ನಾನು ಮುಖ ನೋಡಿ ಬದುಕೋನು, ನನ್ನ ಹತ್ರ ಹುಬ್ಬು ಎತ್ತಬೇಡಿ. ಆ ಉದಾಹರಣೆ ಬಿಡಿ, ಸರಿ ಬರಲಿಲ್ಲ.

ಸೋಮವಾರದಿಂದ ಚೌಕ ನಿಲ್ಲಿಸೋಣ ಅಂದ್ರು. ಹೀಗೆ, ತಪ್ಪಿದ ಗೆರೆ ಮೇಲೆ ಬಿಳಿಬಣ್ಣ ಬಳಿದ ಹಾಗೆ ಅಂದ್ರು. ನಾನು ಎದ್ದೆ. ಮನೆಗೆ ಹೋದೆ.

ಆಮೇಲೆ ಏನಾಯ್ತು? ಆ ವಾರವೇ, ನಾನು ಬರೆದ ಮೊದಲ ಚಿತ್ರಕ್ಕೇ, ಒಬ್ಬ ಓದುಗ ಫೋನ್ ಮಾಡಿದ! ಒಂದು ಸಲ ಅಲ್ಲ, ಮೂರು ಸಲ! ಹೊಗಳೋಕಲ್ಲ, ಬೈಯೋಕೆ! ಬಾಯಿಗೆ ಬಂದ ಹಾಗೆ! ಅದನ್ನ ನೀವೇ ಹೋಗಿ ಸಂಪಾದಕರಿಗೆ ಹೇಳಿದ್ರಿ, ‘ನಿವೃತ್ತ ಅಧಿಕಾರಿಯಂತೆ, ತೂಕದ ಚಿತ್ರಕ್ಕೆ ಬೈದ್ರು’ ಅಂತ. ಅದು ನಿಮ್ಮ ದೊಡ್ಡ ಉಪಕಾರ, ನಾನು ಮರೆಯಲ್ಲ.

ತೂಕದ ಚಿತ್ರ ನೋಡಿದ್ರಿ ತಾನೆ? ಒಬ್ಬ ಅಧಿಕಾರಿ, ಜನ ಕೊಟ್ಟ ಅರ್ಜಿಗಳನ್ನೆಲ್ಲ ಹಳೇ ಪೇಪರಿನವನ ತಕ್ಕಡಿಗೆ ಹಾಕಿ ಮಾರ್ತಿದಾನೆ. ಮುಂದೆ ಸಾಲು. ಸಾಲಿನ ಕೊನೇಲಿ, ನನ್ನ ಚಿತ್ರದಲ್ಲಿ ದಿನಾ ಬರೋ ನಮ್ಮ ಚೀಲದಮ್ಮ, ಎಂದಿನ ಹಾಗೆ ಆ ದೊಡ್ಡ ಚೀಲ ಹೊತ್ಕೊಂಡು. ಅವಳು ತನ್ನ ಅರ್ಜಿ ಚಾಚಿ, ‘ನಂದೂ ಹಾಕಿ ಸ್ವಾಮಿ, ತೂಕ ಬರ್ಲಿ’ ಅಂತಾಳೆ.

ಚೆನ್ನಾಗಿದೆ ಅಲ್ವಾ? ನಕ್ರಿ. ಈಗ ನಕ್ಕಿದ್ದು ಆ ದಿನ ಯಾಕೆ… ಹೋಗ್ಲಿ. ಆ ಚಿತ್ರಕ್ಕೆ ಎಷ್ಟು ಹೊತ್ತು ಹಿಡೀತು ಗೊತ್ತಾ? ಗೆರೆ ಎಳೆಯೋಕಲ್ಲ, ಗೆರೆ ಅಳಿಸೋಕೆ. ಮೊದಲು ಕಿಟಕಿ ಬರೆದಿದ್ದೆ, ಕಿಟಕಿಗೆ ಸರಳು, ಮೇಲೆ ಫ್ಯಾನು, ಫ್ಯಾನಿನ ಮೇಲೆ ಪಾರಿವಾಳ. ಒಂದೊಂದೇ ತೆಗೆದೆ. ಪಾರಿವಾಳ ತೆಗೆಯೋವಾಗ ಕರುಳು ಚುರುಕ್ ಅಂತು, ಅಷ್ಟು ಚಂದ ಬಂದಿತ್ತು. ಆದರೆ ಅದು ಇದ್ರೆ ಜನ ಪಾರಿವಾಳ ನೋಡ್ತಾರೆ, ಚೀಲದಮ್ಮನ್ನ ನೋಡಲ್ಲ. ನಾನು ಎಷ್ಟು ಜಾಣ ಅಂತ ತೋರಿಸೋ ಗೆರೆ ಎಲ್ಲಾ ಹೋಗ್ಬೇಕು. ಉಳಿದಿದ್ದು ಜನರದ್ದು. ಇದಕ್ಕೆ ಏನಂತಾರೆ ಫೋನಕ್ಕ? ಇದಕ್ಕೇ ವಿನಯ ಅಂತಾರೆ! ಕತ್ತು ಬಗ್ಗಿಸೋದಲ್ಲ! ಕೈ ಬಗ್ಗಿಸೋದು. ಕತ್ತು ಬಗ್ಗಿಸೋಕೆ ಯಾರಿಗೆ ಬರಲ್ಲ? ಸಂಬಳದ ದಿನ ಎಲ್ರೂ ಬಗ್ಗಿಸ್ತಾರೆ.

ನನಗೆ ವಿನಯ ಹೇಳ್ಕೊಡ್ತಾರಂತೆ. ಒಂದು ದಿನ ಕ್ಷೌರಕ್ಕೆ ಹೋಗಿದ್ದೆ. ಬೆಂಚಿನ ಮೇಲೆ ಒಬ್ಬ ನಮ್ಮ ಪತ್ರಿಕೆ ಓದ್ತಿದ್ದ. ಅವನು ನನ್ನ ಪುಟಕ್ಕೆ ಬರ್ಲಿ ಅಂತ ನಾನು ಎರಡು ಸಲ ನನ್ನ ಸರದಿ ಬಿಟ್ಟುಕೊಟ್ಟೆ. ‘ನೀವು ಹೋಗಿ, ನೀವು ಹೋಗಿ’ ಅಂತ. ಮನುಷ್ಯ ಆಟದ ಪುಟ ಓದಿದ, ಸಾವಿನ ಸುದ್ದಿ ಓದಿದ, ಮನೆ ಬಾಡಿಗೆಗಿದೆ ಅನ್ನೋದನ್ನೂ ಬಿಡದೆ ಓದಿದ. ಕೊನೆಗೆ ನನ್ನ ಚೌಕಕ್ಕೆ ಬಂದ. ನೋಡಿದ. ನಾನು ಉಸಿರು ಬಿಗಿಹಿಡಿದಿದೀನಿ. ಇನ್ನೂ ನೋಡಿದ. ಆಮೇಲೆ ಪತ್ರಿಕೆನ ಹಾಗೇ ನಾಲ್ಕು ಮಡಿಕೆ ಮಾಡಿ ತೊಡೆ ಮೇಲೆ ಕೂತಿದ್ದ ನೊಣ ಹೊಡೆದ.

ನಗ್ತೀರಾ! ನನಗೂ ನಗು ಬಂತು. ಮನೆಗೆ ಹೋಗಿ ಅದನ್ನೇ ಬರೆದೆ. ಅದು ನೆನಪಿದೆಯಾ ನಿಮಗೆ? ನೊಣದ ಚಿತ್ರ? ನೊಣದ ಬಾಯಲ್ಲಿ ‘ನಾನಂತೂ ಪೂರ್ತಿ ಓದಿದೆ’ ಅಂತ… ನೆನಪಿಲ್ವಾ. ಇರಲಿ.

ಮನೇಲಿ ಇನ್ನೊಬ್ಬಳು ಇದಾಳೆ. ನಮ್ಮನೆಯವಳು. ದಿನಾ ಮೊದಲು ಅವಳಿಗೆ ತೋರಿಸ್ತೀನಿ. ನಕ್ರೆ ಸರಿ. ‘ಥೂ’ ಅಂದ್ರೆ ಇನ್ನೂ ಸರಿ. ಆದರೆ ಕೆಲವು ದಿನ ನೋಡ್ತಾಳೆ, ತಲೆ ಆಡಿಸ್ತಾಳೆ, ‘ಅರ್ಥ ಆಯ್ತು’ ಅಂತಾಳೆ. ಮುಗೀತು. ಆ ದಿನದ ಚಿತ್ರಕ್ಕೆ ಉಸಿರು ನಿಂತ ಹಾಗೆ. ಹೊಸ ಕಾಗದ ತಗೋಬೇಕು, ನೀಲಿ ಪೆನ್ಸಿಲ್ ಕೆತ್ತಬೇಕು, ಮತ್ತೆ ಸೊನ್ನೆಯಿಂದ. ಮದುವೆ ಆದಾಗಿಂದ ದಿನಾ ಸಂಜೆ ಹೆಂಡತಿ ಮುಂದೆ ಪರೀಕ್ಷೆ ಬರೆಯೋ ಗಂಡಸಿಗೆ, ಹೇಳಿ, ವಿನಯ ಸಾಲದಾ?

ಹಾಂ, ಬೈಗುಳದ ವಿಷಯಕ್ಕೆ ಬರ್ತೀನಿ. ಅದು ಮುಖ್ಯ. ಯಾಕೆ ಮುಖ್ಯ ಅಂತ ಬಿಡಿಸಿ ಹೇಳ್ತೀನಿ. ಹೊಗಳೋಕೆ ಯಾರನ್ನ ಬೇಕಾದ್ರೂ ಹೇಳಿ ಮಾಡಿಸಬಹುದು. ಅಳಿಯನ ಕೈಲಿ ಫೋನ್ ಮಾಡಿಸಬಹುದು, ಪಕ್ಕದ ಮನೆಯವರ ಕೈಲಿ ಮಾಡಿಸಬಹುದು. ಸಂಪಾದಕರು ನಂಬಲ್ಲ, ನಾನಾದ್ರೂ ನಂಬಲ್ಲ. ಆದರೆ ಬೈಗುಳ? ತನಗೆ ತಾನೇ ಯಾರಾದ್ರೂ ಬೈಸ್ಕೋತಾರಾ? ಬೈದ ಅಂದ್ರೆ ನೋಡಿದಾನೆ ಅಂತ. ನೋಡಿ, ಅರ್ಥ ಮಾಡ್ಕೊಂಡು, ಹೊಟ್ಟೆಗೆ ತಾಗಿ, ನಂಬರು ಹುಡುಕಿ, ಫೋನು ಎತ್ತಿ… ಎಷ್ಟು ಕೆಲಸ! ಒಬ್ಬ ಓದುಗ ಅಷ್ಟು ಕಷ್ಟಪಟ್ಟ ಅಂದ್ರೆ ಆ ಚೌಕಕ್ಕೆ ಜೀವ ಇದೆ. ಸಂಪಾದಕರಿಗೂ ಹಾಗೇ ಅನ್ನಿಸ್ತು, ಚೌಕ ನಿಲ್ಲಿಸೋ ಮಾತು ಬಿಟ್ರು. ಯಾಕಂದ್ರೆ ಬೈದ ಮೇಲೆ ತೆಗೆದ್ರೆ ಹೆದರಿ ತೆಗೆದ ಹಾಗಾಗುತ್ತೆ, ಪತ್ರಿಕೆಗೆ ಮರ್ಯಾದೆ ಅಲ್ಲ. ಅಲ್ಲಿವರೆಗೆ ಎಲ್ಲಾ ಸರಿ ಹೋಯ್ತು. ಲೆಕ್ಕ ಹಾಕಿದ ಹಾಗೇ… ಅಂದ್ರೆ, ನಾನು ಲೆಕ್ಕ ಹಾಕಿದ್ದೆ ಅಂತಲ್ಲ. ಹಾಗೆ ಆಯ್ತು ಅಂತ.

ಆದರೆ ಈ ಮನುಷ್ಯ ಇಷ್ಟು ಪುಕ್ಕಲು ಅಂತ ಯಾರಿಗೆ ಗೊತ್ತಿತ್ತು! ಚೌಕ ಇರಲಿ, ಆದರೆ ಕ್ಷಮೆ ಕೇಳಿ ಅಂತಾರೆ! ಮೂರು ಸಲ ಫೋನ್ ಮಾಡಿದಾರೆ ಅಂದ್ರೆ ನಾಲ್ಕನೇ ಸಲ ವಕೀಲರು ಮಾಡ್ತಾರೆ ಅಂತ ಅವರ ಹೆದರಿಕೆ. ‘ಇಲ್ಲ ಸಾರ್, ಆ ಮನುಷ್ಯ ಅಂಥೋರಲ್ಲ’ ಅಂದೆ. ‘ನಿಮಗೆ ಹೇಗೆ ಗೊತ್ತು?’ ಅಂದ್ರು. ನಾನು… ನನ್ನ ಅನುಭವ ಸಾರ್ ಅಂದೆ.

ಬಿಸ್ಕತ್ತು ಬೇಡ, ನೀವು ತಿನ್ನಿ.

ನೀವು ಮಾಡಿದ ಒಂದೇ ಒಂದು ಎಡವಟ್ಟು ಏನು ಗೊತ್ತಾ? ಬೇಜಾರು ಮಾಡ್ಕೋಬೇಡಿ. ‘ಬೈದ್ರು’ ಅಂತ ಅಷ್ಟೇ ಹೇಳಿದ್ರಿ. ಹೇಗೆ ಬೈದ್ರು ಅಂತ ಹೇಳಲಿಲ್ಲ. ಸಂಪಾದಕರೇ ಹೇಳಿದ್ರು, ‘ನಮ್ಮ ಫೋನಕ್ಕ ಬಾಯಿ ಬಿಡಲ್ಲ, ಬೈದ್ರು ಅಂದ್ರು, ಅಷ್ಟೇ’ ಅಂತ. ಬೈಯೋದ್ರಲ್ಲಿ ಎಷ್ಟು ಬಗೆ ಇದೆ! ಕೊಲ್ತೀನಿ ಅನ್ನೋ ಬೈಗುಳ ಬೇರೆ. ದಿನಾ ನೋಡೋ ಮುಖ ಒಂದು ದಿನ ತಲೆ ಬಾಚದೆ ಬಂದ್ರೆ ಬೈತೀವಲ್ಲ, ಅದು ಬೇರೆ. ನೀವು ಈಗ ಒಳಗೆ ಹೋಗಿ ಸರಿಯಾಗಿ ಹೇಳಿಬಿಟ್ರೆ ಆಯ್ತು. ‘ಸಾರ್, ಆ ಯಜಮಾನರಿಗೆ ಕ್ಷಮೆ ಬೇಕಾಗಿಲ್ಲ. ಅವರು ದಿನಾ ನೋಡೋರು. ಸಿಟ್ಟು ಬಂತು, ಹೇಳ್ಕೊಂಡ್ರು.’ ಅಷ್ಟೇ. ಕ್ಷಮೆ ಕೇಳಿದ್ರೆ ಆ ಓದುಗನಿಗೇ ಅವಮಾನ! ಅವನು ಜಗಳಕ್ಕೆ ಬಂದೋನು, ಪತ್ರಿಕೆ ಅವನ ಕಾಲಿಗೆ ಬಿದ್ರೆ ಅವನು ಯಾರ ಹತ್ರ ಜಗಳ ಆಡ್ಬೇಕು?

ಸುಮ್ನೆ ಫೋನಿನ ವೈರು ಬೆರಳಿಗೆ ಸುತ್ತಬೇಡಿ, ಕೇಳಿ. ಹೇಳೋಕೆ ಬರಲ್ಲ ಅಂತೀರಾ? ಯಾಕೆ ಬರಲ್ಲ, ಹೇಳ್ಕೊಡ್ತೀನಿ. ನನ್ನ ಮೇಜಿನ ಮೇಲೆ ಒಂದು ಸಣ್ಣ ಕನ್ನಡಿ ಇದೆ, ನೋಡಿದೀರಾ? ಗಡ್ಡಕ್ಕೆ ಅಂತ ಎಲ್ರೂ ಅಂದ್ಕೊಂಡಿದಾರೆ. ಅಲ್ಲ. ಸಿಟ್ಟಿನ ಮನುಷ್ಯನ್ನ ಬರೀಬೇಕಾದ್ರೆ ಆ ಕನ್ನಡಿ ಮುಂದೆ ನಾನೇ ಸಿಟ್ಟು ಮಾಡ್ಕೋತೀನಿ. ಬರೀ ಮುಖ ಅಲ್ಲ, ಅವನ ದನಿಯಲ್ಲಿ ಮಾತೂ ಆಡ್ತೀನಿ. ದನಿ ಸಿಕ್ಕಿದ್ರೆ ಗದ್ದ ಸಿಗುತ್ತೆ, ಗದ್ದ ಸಿಕ್ಕಿದ್ರೆ ಮನುಷ್ಯ ಸಿಕ್ಕಿದ ಹಾಗೆ. ಅಧಿಕಾರಿನೂ ನಾನೇ, ತಕ್ಕಡಿಯವನೂ ನಾನೇ, ಚೀಲದಮ್ಮನೂ ನಾನೇ. ಬೇರೆಯವರನ್ನ ನೋಡಿ ನಗೋಕೆ ಮುಂಚೆ ಅವರ ಚರ್ಮದೊಳಗೆ ಹೋಗಿ ಕೂತ್ಕೋಬೇಕು. ಅದೂ ವಿನಯಾನೇ, ಸಂಪಾದಕರ ಬಾಯಿಪಾಠದ ವಿನಯ ಅಲ್ಲ.

ಈಗ ಆ ನಿವೃತ್ತ ಅಧಿಕಾರಿ. ಹೇಗಿರ್ತಾನೆ ಹೇಳಿ? ಮೂಗಿನ ತುದೀಲಿ ಕನ್ನಡಕ. ಕಚೇರಿ ಬಿಟ್ಟು ವರ್ಷಗಳಾದ್ರೂ ಅಂಗಿ ಜೇಬಲ್ಲಿ ಪೆನ್ನು. ಮನೇಲಿ ಯಾರೂ ಅವನ ಮಾತು ಕೇಳಲ್ಲ, ಸೊಸೆಗೆ ಹೇಳಿದ್ರೆ ಮಗನಿಗೆ ಹೇಳಿ ಅಂತಾಳೆ, ಮಗನಿಗೆ ಹೇಳಿದ್ರೆ ಆಮೇಲೆ ಅಂತಾನೆ. ಬೆಳಿಗ್ಗೆ ಪತ್ರಿಕೆ ಒಂದೇ ಅವನ ಎದುರಿಗೆ ಸುಮ್ನೆ ಕೂತ್ಕೊಳ್ಳೋದು. ಅಂಥೋನು ಫೋನ್ ಎತ್ತಿ ಹೇಗೆ ಬೈತಾನೆ? ಗಂಟಲು ಸರಿ ಮಾಡ್ಕೋತಾನೆ ಮೊದಲು. ಹೀಗೆ, ಎರಡು ಸಲ. ಹ್ಹೆಂ… ಹ್ಹೆಂ. ಆಮೇಲೆ… ಕೇಳಿ, ಹೀಗೆ:

‘ಏನಮ್ಮಾ! ಪತ್ರಿಕೇನೇನಮ್ಮಾ ಇದು? ಜೀವಮಾನವೆಲ್ಲ ಕಚೇರಿಯಲ್ಲಿ ಕೂತಿದ್ದೆ ನಾನು, ಒಂದು ಅರ್ಜಿನೂ ಮಾರಿಲ್ಲ! ಓದಿಯೂ ಇಲ್ಲ, ಅದು ಬೇರೆ ಮಾತು! ಆ ಚೀಲ ಹೊತ್ತ ಹೆಂಗಸನ್ನ ದಿನಾ ಬೆಳಿಗ್ಗೆ ನೋಡಿದ್ರೆ ನನ್ನ ಮೈ ಉರಿಯುತ್ತೆ! ನಾಲ್ಕು ದಿನ ಕಾಣಿಸಲಿಲ್ಲ, ಸತ್ತಳೇನೋ ಅಂದ್ಕೊಂಡೆ!’

ಹೇಗೆ? ಆ ‘ಓದಿಯೂ ಇಲ್ಲ’ ಬಂದಾಗ ದನಿ ಇಳಿಸಬೇಕು, ಗೊತ್ತಾಯ್ತಾ? ಅಲ್ಲೇ ಮನುಷ್ಯ ಸಿಕ್ಕಿಬೀಳೋದು. ಕೊನೇ ಮಾತು ಸಂಪಾದಕರಿಗೆ ಖಂಡಿತ ಹೇಳಿ, ‘ನಾಲ್ಕು ದಿನ ಕಾಣಿಸಲಿಲ್ಲ’ ಅನ್ನೋದು. ಅದೇ ಉತ್ತರ ಅವರಿಗೆ! ಒಬ್ಬ ಗಮನಿಸಿದಾನೆ! ಒಬ್ಬ ಸಾಕು! ಎರಡನೇ ಸಲದ ಫೋನು ಅಷ್ಟು ಚೆನ್ನಾಗಿರಲಿಲ್ಲ, ಸ್ವಲ್ಪ ಜಾಸ್ತಿ ಎಳೆದ ಹಾಗಿತ್ತು, ಅದು ಬಿಟ್ಟುಬಿಡಿ. ಮೂರನೇದು ಮಾತ್ರ… ಆಹಾ! ಒಂದೇ ಸಾಲು! ‘ಇವತ್ತೂ ಬಂದಿದಾಳೆ ನೋಡಮ್ಮಾ ನಿಮ್ಮ ಹೆಂಗಸು!’ ಧಡ್ ಅಂತ ಇಟ್ಟೆ ಫೋನು. ಇಟ್ಟ. ಅವನು ಇಟ್ಟ. ಗೆರೆ ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ…

ಯಾಕೆ ಫೋನಕ್ಕ?

ಯಾಕೆ ಹಾಗೆ ನೋಡ್ತೀರಿ?

ಏನಾದ್ರೂ ತಪ್ಪಾಯ್ತಾ? ಹಾಗೇ ತಾನೆ ಅವನು ಹೇಳಿದ್ದು? ಅಂದ್ರೆ… ಅಂಥೋನು ಹಾಗೇ ಹೇಳಿರ್ತಾನೆ ಅಂತ. ಅಂದಾಜಿನ ಮೇಲೆ. ಇಷ್ಟು ವರ್ಷ ಇದೇ ಕೆಲಸ ಮಾಡಿದೀನಿ, ಮನುಷ್ಯರ ಅಂದಾಜು ಸಿಗಲ್ವಾ? ಸಂಪಾದಕರು ಹೇಳಿದ್ರು ಸ್ವಲ್ಪ, ಉಳಿದಿದ್ದು ನಾನು… ಏನು? ಸಂಪಾದಕರಿಗೇ ಗೊತ್ತಿಲ್ಲ. ಹೌದು. ಈಗ ತಾನೆ ನಾನೇ ಹೇಳಿದೆ, ಅವರಿಗೆ ಬೈದ್ರು ಅಂತ ಅಷ್ಟೇ ಗೊತ್ತು.

ಮತ್ತೆ… ಹೊರಗೆ ಯಾರಾದ್ರೂ ಮಾತಾಡ್ಕೊಂಡಿರ್ತಾರೆ… ಕ್ಯಾಂಟೀನಲ್ಲಿ… ನೀವು ಯಾರಿಗಾದ್ರೂ…

ಇಲ್ಲ. ನೀವು ಯಾರಿಗೂ ಹೇಳಿಲ್ಲ.

ಫೋನಕ್ಕ, ಏನಾದ್ರೂ ಮಾತಾಡಿ. ಬೈಯಿರಿ. ನಗಿ. ಇಷ್ಟು ಹೊತ್ತು ನಗ್ತಿದ್ರಿ. ಬಿಸ್ಕತ್ತು ಹಾಗೇ ಕೈಯಲ್ಲಿ ಹಿಡ್ಕೊಂಡು ಕೂತ್ರೆ ನಾನೇನು ಅಂದ್ಕೋಬೇಕು?

ಈಗ ಗೊತ್ತಾಯ್ತಾ? ಈಗಲೇ, ನಾನು ದನಿ ಮಾಡಿದಾಗ?

…ಮುಂಚೇನೇ ಗೊತ್ತಿತ್ತಾ?

ಮೊದಲನೇ ಸಲಾನೇ? ಆ ಗಂಟಲು ಸರಿ ಮಾಡಿದಾಗಲೇ?

ಹ್ಞೂಂ. ಇಷ್ಟು ವರ್ಷ ಈ ಬಾಗಿಲು ದಾಟುವಾಗೆಲ್ಲ ನನ್ನ ಗಂಟಲು ಕೇಳಿದೀರಿ. ಊರೆಲ್ಲರ ದನಿ ಕೇಳೋ ಕಿವಿ. ಬಾಯಿಗೆ ಕರವಸ್ತ್ರ ಅಡ್ಡ ಹಿಡಿದಿದ್ದೆ, ಗೊತ್ತಾ? ಕಳ್ಳನ ಹಾಗೆ, ನನ್ನ ಮನೆ ನಡುಮನೇಲಿ ನಿಂತ್ಕೊಂಡು. ನಮ್ಮನೆಯವಳು ಒಳಗಿಂದ ಕೇಳಿದ್ಲು, ‘ಯಾರಿಗ್ರೀ ಆ ಪಾಟಿ ಬೈತಿದೀರಿ?’ ಅಂತ. ‘ನನಗೇ ಕಣೇ’ ಅಂದೆ. ‘ಬೈಕೊಳ್ಳಿ, ಅಡುಗೆ ಆಗೋಕೆ ಇನ್ನೂ ಹೊತ್ತಿದೆ’ ಅಂದ್ಲು.

ನಗಲ್ವಾ? ಇದಕ್ಕೆ ನಗಬಹುದು.

ಆದರೆ ಒಂದು ಅರ್ಥ ಆಗ್ತಿಲ್ಲ. ಗೊತ್ತಿದ್ದೂ ನೀವು ಯಾಕೆ… ‘ಆಮೇಲೆ ಏನಾಯ್ತು ಯಜಮಾನ್ರೇ? ಇನ್ನೇನಾದ್ರೂ ಹೇಳೋದಿದೆಯಾ?’ ಅಂತ ಪ್ರತಿ ಸಲ ಕೇಳಿದ್ರಲ್ಲ. ಎರಡನೇ ಸಲ ನನಗೆ ಮಾತು ಮುಗಿದು ತಡವರಿಸಿದಾಗ, ‘ನಿಧಾನಕ್ಕೆ ಹೇಳಿ, ಕೇಳ್ತಿದೀನಿ’ ಅಂದ್ರಿ. ಅದಕ್ಕೇ ಅದು ಅಷ್ಟು ಉದ್ದ ಆಗಿದ್ದು. ನನ್ನ ದನಿ ಅಂತ ಗೊತ್ತಿದ್ದೂ ಹೋಗಿ ಸಂಪಾದಕರಿಗೆ ‘ಓದುಗರೊಬ್ಬರು’ ಅಂದ್ರಿ. ಅದಕ್ಕೇ ಪೂರ್ತಿ ಮಾತು ಹೇಳಲಿಲ್ಲ. ಹೇಳಿದ್ರೆ ಯಾರಿಗಾದ್ರೂ ಗೊತ್ತಾಗ್ತಿತ್ತು. ನಾನು ಅದನ್ನ ಎಡವಟ್ಟು ಅಂದೆ!

ಪಾಪ ಅಂತ ಮಾಡಿದ್ರಾ? ಹೇಳಿ. ಪಾಪ ಅನ್ನಿಸಿದ್ರೆ ನನಗೆ ಬೇಡ ಆ… ಸರಿ ಸರಿ. ಕೂಗಲ್ಲ. ಗಾಜಿನ ಬಾಗಿಲು, ಗೊತ್ತು.

ಇಷ್ಟಕ್ಕೆ ನಾನು ಸಣ್ಣವನಾದೆ ಅಂತ ತಿಳ್ಕೋಬೇಡಿ. ಆಗಿಲ್ಲ! ಒಬ್ಬ ಓದುಗ ಬೇಕಿತ್ತು, ಇರಲಿಲ್ಲ, ಬರ್ಕೊಂಡೆ. ದಿನಾ ಮಾಡೋ ಕೆಲಸ ಅದೇ ತಾನೆ? ಆದರೆ ಇಷ್ಟು ದಿನ ಕಾಗದದ ಮೇಲೆ ಬರೀತಿದ್ದೆ, ಕೆಳಗೆ ಸಹಿ ಹಾಕ್ತಿದ್ದೆ. ಇವನನ್ನ ಮಾತ್ರ ಸಹಿ ಇಲ್ಲದೆ ಬಿಟ್ಟೆ. ಅದೊಂದೇ. ಅದೊಂದು ಮಾತ್ರ… ಹ್ಞೂಂ.

ಸಂಪಾದಕರ ಗಂಟೆ ಹೊಡೀತು. ನಿಮ್ಮನ್ನೇ ಕರೀತಿರೋದು.

ಏಳಬೇಡಿ. ಕೂತ್ಕೊಳ್ಳಿ ಅಂದೆ. ನಾನು ಹೋಗ್ತೀನಿ. ಇಲ್ಲ, ಹೆದರಬೇಡಿ, ನಿಮ್ಮ ಹೆಸರು ಎತ್ತಲ್ಲ. ನಿಮಗೆ ಏನೂ ಗೊತ್ತಿರಲಿಲ್ಲ, ಯಾರೋ ಬೈದ್ರು, ನೀವು ಹೇಳಿದ್ರಿ, ಅಷ್ಟೇ. ‘ಸಾರ್, ಆ ಓದುಗ ನಾನೇ’ ಅಂತೀನಿ. ಆಗ ಕ್ಷಮೆ ಕೇಳೋ ಪ್ರಶ್ನೆನೇ ಬರಲ್ಲ ನೋಡಿ, ಯಾರ ಮನಸ್ಸಿಗೂ ನೋವಾಗಿಲ್ಲ! ಚೌಕ ತೆಗೀತಾರೆ, ತೆಗೀಲಿ. ಆ ಸೂರ್ಯನ್ನ ಕೂರಿಸ್ತಾರೆ, ಕೂರಿಸ್ಲಿ. ಆದರೆ ಇವತ್ತಿನ ಚಿತ್ರ ಬರೆದಾಗಿದೆ, ಇಲ್ಲಿದೆ, ಮೇಜಿನ ಮೇಲೆ ಇಟ್ಟೇ ಬರ್ತೀನಿ. ಸಹಿ ಹಾಕಿದೀನಿ. ನೋಡದೆ ತೆಗೀಲಿ ನೋಡೋಣ! ಒಬ್ಬರೂ ಫೋನ್ ಮಾಡಲಿಲ್ಲ, ಒಬ್ಬರೂ ಮಾಡಲ್ಲ, ಆದರೂ ಬರೆದಿದೀನಿ, ತಗೊಳ್ಳಿ ಅಂತೀನಿ. ತಲೆ ಬಗ್ಗಿಸಿ ಹೇಳಲ್ಲ. ನೆಟ್ಟಗೆ ನಿಂತು ಹೇಳ್ತೀನಿ.

ಒಂದು ಕೇಳಲಾ? ಆ ನಾಲ್ಕು ದಿನ. ನೀವು ದಿನಾ ಇಲ್ಲೇ ಕೂತು ಪತ್ರಿಕೆ ಮೊದಲಿಂದ ಕೊನೆವರೆಗೂ ತಿರುವಿ ಹಾಕ್ತೀರಲ್ಲ… ಆ ಜಾಗದಲ್ಲಿ ನಾನು ಇಲ್ಲ ಅಂತ… ನಿಮಗೆ…

ಹ್ಞೂಂ.

ಗೊತ್ತಾಗಲಿಲ್ಲ ಅಂತ ಒಪ್ಕೊಂಡ್ರಿ, ಸುಳ್ಳು ಹೇಳಲಿಲ್ಲವಲ್ಲ, ಅದಕ್ಕೆ ದೊಡ್ಡ ನಮಸ್ಕಾರ. ತಲೆ ತಗ್ಗಿಸಬೇಡಿ. ನೋಡಿ ನನ್ನ ಕಡೆ. ತಪ್ಪು ನಿಮ್ಮದಲ್ಲ, ಚಿತ್ರದ್ದು. ಇನ್ನು ಮೇಲೆ ಅವರು ಅಚ್ಚು ಹಾಕಿದ್ರೂ ಸರಿ, ಹಾಕದಿದ್ರೂ ಸರಿ, ದಿನಾ ಸಂಜೆ ಒಂದು ಬರೆದು ಇಲ್ಲಿಗೆ ತರ್ತೀನಿ, ಇದೇ ಸ್ಟೂಲಿನ ಮೇಲೆ ಕೂತ್ಕೋತೀನಿ. ನೀವು ಪಾಪ ಅಂತ ನಗಬಾರದು, ಹೇಳಿರ್ತೀನಿ. ನಗು ಬಂದ್ರೆ ಮಾತ್ರ ನಗಬೇಕು. ಬರೋವರೆಗೂ ಬಿಡಲ್ಲ ನಾನು.

ನೋಡಿ, ಫೋನಿನ ದೀಪ ಮಿನುಗ್ತಿದೆ, ಆಗಿಂದ ಯಾರೋ ಕಾಯ್ತಿದಾರೆ. ಎತ್ತಿ. ಎತ್ತಿ ಫೋನಕ್ಕ, ಎದುರಿಗೇ ನಿಂತಿದೀನಲ್ಲ, ಈ ಸಲ ಅದು ನಾನಲ್ಲ.